ಹಸಿರು ಕೊಳದ ಮೇಲಿನ ದೂರು

ದೂರಿನ ಇಂಗ್ಲಿಷ್ ಎಷ್ಟು ಚೊಕ್ಕಟವಾಗಿದೆಯೋ, ದೂರು ಕೊಟ್ಟವರ ಹಿತ್ತಿಲನ್ನು ಅಷ್ಟು ಅನುಮಾನದಿಂದ ನೋಡಬೇಕು. ಅಮೆರಿಕದ ಈ ಕೌಂಟಿಯ, ಅಂದರೆ ಜಿಲ್ಲೆಯ, ಸೊಳ್ಳೆ ನಿಯಂತ್ರಣ ವಿಭಾಗದಲ್ಲಿ ಇನ್‌ಸ್ಪೆಕ್ಟರ್ ಆದ ಮೇಲೆ ನಾನು ಮೊದಲು ಕಲಿತದ್ದೇ ಇದು. ಆ ಅಕ್ಟೋಬರಿನಲ್ಲಿ ಬಂದ ದೂರಿನಲ್ಲಿ ಆರೋಗ್ಯ ಕಾಯ್ದೆಯ ಕಲಮುಗಳಿದ್ದವು, ಅಡಿಟಿಪ್ಪಣಿಗಳಿದ್ದವು, ಸಾಲದ್ದಕ್ಕೆ ಡ್ರೋನ್ ಹಾರಿಸಿ ತೆಗೆದ ಫೋಟೋಗಳೂ ಇದ್ದವು. ಫೋಟೋದಲ್ಲಿ ಒಂದು ಹಸಿರು ಕೊಳ, ಅದರ ಪಕ್ಕ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದ ಒಬ್ಬ ಅಜ್ಜ. ನೆತ್ತಿಯ ಮೇಲೆ ಏನು ಗುಂಯ್‌ಗುಡುತ್ತಿದೆ ಎಂದು ತಲೆಯೆತ್ತಿ ನೋಡುತ್ತಿದ್ದರು.

ಸಾಂಟಾ ಕ್ಲಾರಾದ ಆಸುಪಾಸಿನ ಆ ಬಡಾವಣೆ ಎರಡನೇ ಮಹಾಯುದ್ಧ ಮುಗಿದ ಮೇಲೆ ಕಟ್ಟಿದ್ದು. ಚಪ್ಪಟೆ ಸೂರು, ನೆಲದಿಂದ ಸೂರಿನವರೆಗೆ ಗಾಜು. ಹಣ್ಣಿನ ಡಬ್ಬಿ ಕಾರ್ಖಾನೆಯ ಕೆಲಸಗಾರರು, ಬಸ್ ಓಡಿಸುವವರು ಕೊಂಡು ಮಕ್ಕಳನ್ನು ಬೆಳೆಸಿದ ಮನೆಗಳು. ಈಗ ಅವನ್ನು ಕೊಳ್ಳುವ ನಮ್ಮ ಎಂಜಿನಿಯರುಗಳು ‘ಮಿಡ್ ಸೆಂಚುರಿ’ ಎನ್ನುವಾಗ ದೇವಸ್ಥಾನದ ಹೆಸರು ಹೇಳಿದಂತೆ ದನಿ ತಗ್ಗಿಸುತ್ತಾರೆ. ಮಳೆ ಬಂದರೆ ಆ ಚಪ್ಪಟೆ ಸೂರಿನ ಮೇಲೆ ನೀರು ನಿಲ್ಲುತ್ತದೆ. ಕೆಳಗೆ ಕೂತವರು ವಾಸ್ತುಶಿಲ್ಪದ ಬಗ್ಗೆ ಮಾತಾಡುತ್ತಾರೆ, ಮೇಲೆ ಸೊಳ್ಳೆಗಳು ಸಂಸಾರ ಹೂಡುತ್ತವೆ.

ದೂರು ಬರೆದವರು ಆ ಬೀದಿಯ ನಿವಾಸಿಗಳ ಗುಂಪಿಗೆ ಅಧ್ಯಕ್ಷರು. ಅಲ್ಲಿನ ಕನ್ನಡ ಗೆಳೆಯರ ಬಳಗಕ್ಕೂ ಅವರೇ ಅಧ್ಯಕ್ಷರು. ಬೆಂಗಳೂರಿನವರು, ರೆಡ್‌ವುಡ್ ಸಿಟಿಯಲ್ಲಿ ದೊಡ್ಡ ಕೆಲಸ. ಇಲ್ಲಿ ಅವರನ್ನು ಅಧ್ಯಕ್ಷರು ಎಂದೇ ಕರೆಯುತ್ತೇನೆ, ಅವರಿಗೂ ಅದೇ ಇಷ್ಟ. ಬಳಗದ ಊಟವೊಂದರಲ್ಲಿ ನಾನೇನು ಕೆಲಸ ಮಾಡುತ್ತೇನೆಂದು ಕೇಳಿ, “ಓ, ಪೆಸ್ಟ್ ಕಂಟ್ರೋಲಾ? ನೈಸ್, ನೈಸ್” ಎಂದವರು, ತಟ್ಟೆ ಸಮೇತ ನನ್ನ ಗಂಡನ ಕಡೆ ತಿರುಗಿ ಕಂಪ್ಯೂಟರ್ ಚಿಪ್‌ಗಳ ವಿಷಯ ಎತ್ತಿಕೊಂಡಿದ್ದರು. ಹಾಸನದ ಕಡೆಯಿಂದ ಬಂದು, ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಸರಕಾರದ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿದವಳು ಅವರ ಲೆಕ್ಕದಲ್ಲಿ ಸೊಳ್ಳೆಬತ್ತಿ ಮಾರುವವಳು.

ಕಾನೂನು ಸರಳವಾಗಿದೆ. ನಿಮ್ಮ ಜಾಗದಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತಿದ್ದರೆ ಅದು ಸಾರ್ವಜನಿಕ ಉಪದ್ರವ. ಮೊದಲು ನೋಟಿಸು, ಸರಿಪಡಿಸದಿದ್ದರೆ ವಿಚಾರಣೆ, ಅಲ್ಲಿ ಸಾಬೀತಾದರೆ ಕೌಂಟಿಯೇ ಒಳಗೆ ಬಂದು ಉಪದ್ರವವನ್ನು ತೆಗೆದುಹಾಕಬಹುದು. ಅಧ್ಯಕ್ಷರು ಕೇಳಿದ್ದೂ ಅದನ್ನೇ: ಕೊಳ ಬತ್ತಿಸಿ, ಮಣ್ಣು ತುಂಬಿಸಿ.

ಅಜ್ಜನ ಮನೆಗೆ ಹೋದೆ. ಬಸ್ ಡ್ರೈವರಾಗಿ ನಿವೃತ್ತರಾದವರು, ಅಪ್ಪ ಅಮ್ಮ ಪೋರ್ಚುಗಲ್ ಕಡೆಯಿಂದ ಬಂದವರಂತೆ. ಕೊಳ ಮೊದಲು ಈಜುಕೊಳವಾಗಿತ್ತು. ಮಕ್ಕಳು ದೊಡ್ಡವರಾಗಿ ಈಜುವವರಿಲ್ಲವಾದಾಗ ಕ್ಲೋರಿನ್ ಹಾಕುವುದನ್ನು ಬಿಟ್ಟು ಗಿಡ ನೆಟ್ಟು ಮೀನು ಬಿಟ್ಟಿದ್ದರು. ಆ ಮೀನು ಕೊಟ್ಟದ್ದು ನಮ್ಮದೇ ವಿಭಾಗ. ಬೆರಳುದ್ದದ ಬೂದು ಮೀನು, ಸೊಳ್ಳೆಮರಿ ಕಂಡರೆ ಬಿಡುವುದಿಲ್ಲ. ಕೇಳಿದವರಿಗೆಲ್ಲ ನಾವು ಪುಕ್ಕಟೆ ಕೊಡುತ್ತೇವೆ.

ಡಿಪ್ಪರ್ ಎನ್ನುವುದು ಉದ್ದ ಹಿಡಿಯ ಬಿಳಿ ಬೋಗುಣಿ. ದಡದ ಅಂಚಿನಲ್ಲಿ, ನೆರಳಿನಲ್ಲಿ, ಎಲೆಗಳ ಬುಡದಲ್ಲಿ ಅದನ್ನು ಮೆಲ್ಲಗೆ ಅದ್ದಿ ಎತ್ತಿ, ಬಿಳಿ ತಳದ ಮೇಲೆ ಏನು ಕುಣಿಯುತ್ತಿದೆ ನೋಡಬೇಕು. ಕೊಳದ ಸುತ್ತಲೂ ಅದ್ದಿದೆ. ಪಾಚಿ ಬಂತು, ಮೀನಿನ ಮರಿ ಬಂತು. ಸೊಳ್ಳೆಮರಿ ಒಂದೂ ಬರಲಿಲ್ಲ.

“ಸಾಬೀತಾದರೆ ಏನು ಮಾಡುತ್ತಾರೆ?” ಎಂದು ಅಜ್ಜ ಇಂಗ್ಲಿಷಿನಲ್ಲಿ ಕೇಳಿದರು.

“ಮುಚ್ಚುತ್ತಾರೆ.”

“ಮೀನುಗಳು?”

ಡಿಪ್ಪರಿನಲ್ಲಿದ್ದ ಮೀನಿನ ಮರಿಯನ್ನು ನಾನು ಮೆಲ್ಲಗೆ ನೀರಿಗೆ ಬಿಟ್ಟೆ. ಅವರು ಕುರ್ಚಿಯನ್ನು ಕೊಳದ ಕಡೆ ಇನ್ನಷ್ಟು ಎಳೆದುಕೊಂಡು ಕೂತರು.

‘ಕೊಳದಲ್ಲಿ ಸೊಳ್ಳೆ ಹುಟ್ಟುತ್ತಿಲ್ಲ’ ಎಂದು ವರದಿ ಕೊಟ್ಟೆ. ನಮ್ಮ ಸೂಪರ್‌ವೈಸರ್ ಕುರ್ಚಿ ಬಿಟ್ಟು ಏಳುವುದನ್ನೇ ಮರೆತ ಮನುಷ್ಯ. ಡ್ರೋನ್ ಫೋಟೋ ನೋಡಿ, “ಹಸಿರಾಗಿದೆಯಲ್ಲ” ಎಂದ. ಹುಲ್ಲೂ ಹಸಿರಾಗಿರುತ್ತದೆ ಎಂದೆ. ಅದು ಅವನಿಗೆ ಹಿಡಿಸಲಿಲ್ಲ.

ಅಷ್ಟರಲ್ಲಿ ಸೊಳ್ಳೆ ಹಿಡಿಯಲು ನಾವು ಬೀದಿಯಲ್ಲಿಟ್ಟಿದ್ದ ಬೋನುಗಳ ಫಲಿತಾಂಶ ಬಂತು. ಸಿಕ್ಕಿದ ಸೊಳ್ಳೆಗಳಲ್ಲಿ ವೆಸ್ಟ್ ನೈಲ್ ವೈರಸ್ ಇತ್ತು. ವಯಸ್ಸಾದವರಿಗೆ ಮೆದುಳಿಗೇರಿದರೆ ಪ್ರಾಣಕ್ಕೇ ಕುತ್ತು ತರುವ ಕಾಯಿಲೆ ಅದು. ವಿಷಯ ಗೊತ್ತಾದದ್ದೇ ಬೀದಿಯ ವಾಟ್ಸಾಪ್ ಗುಂಪಿಗೆ ಬೆಂಕಿ ಬಿತ್ತು. ಅಧ್ಯಕ್ಷರು ಕೌಂಟಿಯ ಮೇಲಿನವರಿಗೆ ಬರೆದರು. ಸೂಪರ್‌ವೈಸರ್ ವಿಚಾರಣೆಯ ದಿನ ಗೊತ್ತು ಮಾಡಿ ನನ್ನನ್ನು ಕರೆದ. “ಮೂಲ ಯಾವುದು ಅಂತ ಕೇಳುತ್ತಾರೆ. ಕಾಗದದ ಮೇಲೆ ಈಗ ಇರುವುದು ಕೊಳ ಒಂದೇ. ಬೇರೆ ಮೂಲ ಇದ್ದರೆ ಸ್ಯಾಂಪಲ್ ಸಮೇತ ತಂದುಕೊಡು. ಇಲ್ಲದಿದ್ದರೆ ಕೊಳ.”

ಹುಡುಕಲು ಹೊರಟೆ. ಚರಂಡಿ ಗುಂಡಿಗಳಿಗೆ ಡಿಪ್ಪರ್ ಇಳಿಸಿದೆ, ಏಣಿ ಹತ್ತಿ ಸೂರು ನೋಡಿದೆ, ಹೂಕುಂಡದ ತಟ್ಟೆಗಳನ್ನು ಬೋರಲು ಹಾಕಿದೆ. ಒಂದು ಮನೆಯಾಕೆ ಬಾಗಿಲ ಕ್ಯಾಮೆರಾದಿಂದಲೇ, ತಮ್ಮಲ್ಲಿ ಎಲ್ಲವೂ ಆರ್ಗ್ಯಾನಿಕ್, ಸೊಳ್ಳೆ ಬರುವುದಿಲ್ಲ ಎಂದರು. ಮತ್ತೊಬ್ಬರು ಒಳಗೆ ಕರೆದು, ಶೂ ಬಿಚ್ಚಿಸಿ, ಗಾಜಿನ ಗೋಡೆಯ ಇತಿಹಾಸ ಹೇಳಿ, ಹಿತ್ತಿಲು ತೋರಿಸದೆ ಕಳಿಸಿದರು. ಕೊಳ ಮುಚ್ಚಿಸುವ ಅರ್ಜಿಗೆ ಇವರೆಲ್ಲ ಸಹಿ ಹಾಕಿದ್ದರು. ಅಜ್ಜನ ಹಿತ್ತಿಲಿಗೆ ಕಾಲಿಟ್ಟವರು ಒಬ್ಬರೂ ಇರಲಿಲ್ಲ.

ನಮ್ಮಲ್ಲಿ ಎರಡು ಬಗೆಯ ಬೋನುಗಳಿವೆ. ರಕ್ತ ಹುಡುಕುವ ಸೊಳ್ಳೆಗೆ ಒಂದು, ಮೊಟ್ಟೆಯಿಡಲು ಜಾಗ ಹುಡುಕುವ ಹೆಣ್ಣಿಗೆ ಇನ್ನೊಂದು. ಎರಡನೆಯದರಲ್ಲಿ ಹುಲ್ಲು ಕೊಳೆಸಿದ ನಾರುವ ನೀರಿಡುತ್ತೇವೆ. ಹೆಣ್ಣುಸೊಳ್ಳೆಗೆ ಆ ನಾತವೆಂದರೆ ಬಾಣಂತನದ ಮನೆ. ಈ ಬೋನನ್ನು ಬೀದಿಯುದ್ದಕ್ಕೂ ಜರುಗಿಸುತ್ತ ಹೋದೆ. ಅಜ್ಜನ ಬೇಲಿಯ ಬಳಿ ಅರೆಖಾಲಿ, ಅಧ್ಯಕ್ಷರ ಮನೆಯ ಪಕ್ಕದ ಓಣಿಯಲ್ಲಿ ತುಂಬಿ ತುಳುಕುತ್ತಿತ್ತು.

ಅಧ್ಯಕ್ಷರ ಹಿತ್ತಿಲಿನ ಗೇಟಿಗೆ ಬೀಗ. ಮೊದಲ ಸಲ ಕೇಳಿದಾಗ, “ಕೀ ಎಲ್ಲೋ ಮಿಸ್ ಆಗಿದೆ ಮೇಡಂ” ಎಂದರು. ಮುಂದಿನ ಸಲ ರಿನೋವೇಶನ್ ನಡೆಯುತ್ತಿತ್ತು. ಅದರ ಮುಂದಿನ ಸಲ ಕಿವಿಗೆ ಹೆಡ್‌ಸೆಟ್ಟು ಸಿಕ್ಕಿಸಿಕೊಂಡೇ ಬಾಗಿಲಿಗೆ ಬಂದು, “ಮೀಟಿಂಗಲ್ಲಿದೀನಿ. ಪ್ರಾಬ್ಲಮ್ಮು ಆ ಕಡೆ ಇದೆ, ನೀವು ಈ ಕಡೆ ಹುಡುಕ್ತಿದೀರಲ್ಲ” ಎಂದು ನನಗೇ ನನ್ನ ಕೆಲಸ ಕಲಿಸಿದರು. ಕೋರ್ಟಿನಿಂದ ವಾರಂಟು ತರಬಹುದಿತ್ತು, ಆದರೆ ಅದು ಕೈಗೆ ಸಿಗುವಷ್ಟರಲ್ಲಿ ವಿಚಾರಣೆ ಮುಗಿದಿರುತ್ತಿತ್ತು.

ಬಾಗಿಲು ತೆರೆದವರು ಅಧ್ಯಕ್ಷರ ಹೆಂಡತಿ. ನಾನು ಓಣಿಯಲ್ಲಿ ಬೋನು ಎತ್ತಿಕೊಳ್ಳುತ್ತಿದ್ದಾಗ ಅಡುಗೆಮನೆಯ ಕಿಟಕಿಯಿಂದ ಕರೆದರು. ಕೈತುಂಬ ಸೊಳ್ಳೆ ಕಡಿದ ಗಂದೆ.

“ರೀ, ಸ್ವಲ್ಪ ಬನ್ನಿ. ಒಗ್ಗರಣೆ ಹಾಕಕ್ಕೂ ನಿಂತ್ಕೊಳಕ್ಕಾಗ್ತಿಲ್ಲ. ಹಿಂದುಗಡೆ ಟ್ಯಾಂಕ್ ಹತ್ರ ಇವರು ನನ್ನೂ ಬಿಡಲ್ಲ. ಹಬ್ಬ ಆದಾಗ್ಲಿಂದ ಹಿಂಗೇ.”

ಮನೆಯವರು ಕರೆದರೆ ವಾರಂಟು ಬೇಡ. ಅಡುಗೆಮನೆಯ ಮೂಲಕವೇ ಹಿತ್ತಿಲಿಗಿಳಿದೆ. ಕಣ್ಣಿಗೆ ಏನೂ ಬೀಳುವ ಮೊದಲೇ ಮೂಗಿಗೆ ಬಿತ್ತು: ಕೊಳೆತ ಸೇವಂತಿಗೆ, ಕೊಳೆತ ಗರಿಕೆ, ಅರಿಸಿನ. ಬೇಲಿಯ ಮೂಲೆಯಲ್ಲಿ, ಇಲ್ಲಿ ಕುದುರೆಗಳಿಗೆ ನೀರಿಡುವ ದುಂಡನೆಯ ತಗಡಿನ ತೊಟ್ಟಿ, ಅದರ ಮೇಲೆ ನೀಲಿ ಟಾರ್ಪಾಲು.

ಬಳಗದ ಸಾಮೂಹಿಕ ವಿಸರ್ಜನೆಯ ತೊಟ್ಟಿ ಅದು. ಲಾಸ್ ಆಲ್ಟೋಸ್‌ನಿಂದ, ರೆಡ್‌ವುಡ್ ಸಿಟಿಯಿಂದ ಸಂಸಾರಗಳು ಮಣ್ಣಿನ ಗಣಪತಿಗಳನ್ನು ಕಾರಿನಲ್ಲಿ ಸೀಟ್‌ಬೆಲ್ಟು ಹಾಕಿ ತಂದು ಇದರಲ್ಲಿ ಮುಳುಗಿಸಿದ್ದವು. ಹಬ್ಬಕ್ಕೆ ಮುಂಚೆ ಅಧ್ಯಕ್ಷರು ಮಕ್ಕಳಿಗೆ ಮಣ್ಣಿನ ಗಣಪತಿ ಮಾಡುವ ಶಿಬಿರ ನಡೆಸಿ, ಬಣ್ಣದ ಪ್ಲಾಸ್ಟರ್ ಗಣಪತಿ ತರುವವರು ಭೂಮಿತಾಯಿಗೆ ವಿಷ ಹಾಕುವವರು ಎಂದು ಭಾಷಣ ಮಾಡಿದ್ದರು. ಕರಗಿದ ಮಣ್ಣನ್ನು ಎಲ್ಲರೂ ಬಂದು ಗಿಡಗಳಿಗೆ ಒಯ್ಯಬೇಕೆಂದು ತೀರ್ಮಾನವಾಗಿತ್ತು. ಕೋಸಂಬರಿ ತಿಂದು ಹೋದವರು ಒಬ್ಬರೂ ಮಣ್ಣಿಗೆ ಬರಲಿಲ್ಲ. ತೊಟ್ಟಿ ಎಂದೋ ಬರಿದಾಗಿರಬೇಕೆಂದು ನಾನು ತಿಳಿದಿದ್ದೆ; ಅಲ್ಲಿಗೆ ಹೋಗದೆ ನಮ್ಮ ಮನೆಯದನ್ನು ಬಕೆಟ್ಟಿನಲ್ಲಿ ಕರಗಿಸಿ ಮರುದಿನವೇ ಕರಿಬೇವಿನ ಗಿಡಕ್ಕೆ ಸುರಿದಿದ್ದೆ. ಬಳಗದಲ್ಲಿ ಅದಕ್ಕೆ ಮೂಗು ಮುರಿದವರಿದ್ದರು.

ಟಾರ್ಪಾಲಿನ ಒಂದು ಅಂಚು ಎತ್ತಿ ಡಿಪ್ಪರ್ ಅದ್ದಿದೆ. ಬಿಳಿ ತಳ ಕಾಣಲಿಲ್ಲ, ಅಷ್ಟು ಮರಿಗಳು. ಜೊತೆಗೆ ರೆಕ್ಕೆ ಮೂಡುವ ಮೊದಲಿನ ಪ್ಯೂಪಾಗಳು, ಬಾಲ ಮಡಚಿ ತೇಲುತ್ತಿದ್ದವು. ಇನ್ನೆರಡು ದಿನದಲ್ಲಿ ಅವೆಲ್ಲ ಹಾರುತ್ತವೆ. ಸೀಸೆಯಲ್ಲಿ ಸ್ಯಾಂಪಲ್ ತುಂಬಿ, ಫೋಟೋ ತೆಗೆಯುವಷ್ಟರಲ್ಲಿ ಅಧ್ಯಕ್ಷರು ಓಡಿಬಂದರು.

“ಮೇಡಂ, ಅದನ್ನ ತೆಗೀಬೇಡಿ. ದೇವರು.”

“ಉತ್ತರಪೂಜೆ ಆಗಿದೆ ಅಲ್ವಾ? ದೇವರು ಹೋಗಿ ತಿಂಗಳಾಯ್ತು. ಈಗಿರೋದು ಮಣ್ಣುನೀರು. ಚೆಲ್ಲಿ.”

“ಹಾಗೆಲ್ಲ ಒಬ್ಬನೇ ಡಿಸೈಡ್ ಮಾಡಕ್ಕಾಗಲ್ಲ. ಕಮಿಟಿ ಇದೆ.”

ಕಮಿಟಿ ಫೋನಿನ ಪರದೆಯಲ್ಲಿ ಸೇರಿತು. ಅಷ್ಟು ಡಿಗ್ರಿಗಳು ಒಂದು ತೊಟ್ಟಿಯ ಸುತ್ತ ಕೂತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಒಬ್ಬರು, “ಕೌಂಟಿಯವರು ಮೀನು ಫ್ರೀಯಾಗಿ ಕೊಡ್ತಾರಂತಲ್ಲ, ಅದನ್ನ ಬಿಟ್ರಾಯ್ತಪ್ಪ” ಎಂದರು. ತಕ್ಷಣ ಇನ್ನೊಬ್ಬರು, “ಗಣಪತಿ ನೀರಲ್ಲಿ ಮೀನು ಹುಳ ತಿನ್ನತ್ತೆ ರೀ. ನಾನ್‌ವೆಜ್ ಆಗಲ್ವಾ?” ಎಂದರು. ಇದರ ಮೇಲೆ ಗಂಭೀರ ಚರ್ಚೆಯಾಯಿತು. ಮರಿಗಳನ್ನು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ ನಮ್ಮಲ್ಲಿದೆ, ಆದರೆ ಪ್ಯೂಪಾ ಏನನ್ನೂ ತಿನ್ನುವುದಿಲ್ಲವಾದ್ದರಿಂದ ಅದಕ್ಕೆ ಪುಡಿ ನಾಟುವುದಿಲ್ಲ ಎಂದು ವಿವರಿಸಿದೆ. ಡಾಕ್ಟರೊಬ್ಬರು ಬಹಳ ಯೋಚಿಸಿ, ಬ್ಯಾಕ್ಟೀರಿಯಾ ವೆಜ್ಜೇ ಅಲ್ಲವೇ ಎಂದು ಕೇಳಿದರು. ಪುರೋಹಿತರಿಗೆ ಫೋನು ಹೋಯಿತು. ಅವರು ಹರಿಯುವ ನೀರಿಗೆ ಬಿಡಿ ಎಂದರು. ಹತ್ತಿರದ ತೊರೆಗೆ ಸುರಿದರೆ ಅದು ಇನ್ನೊಂದು ಕೇಸು ಎಂದೆ. ಪುರೋಹಿತರು, ಹಾಗಾದರೆ ಕಮಿಟಿಯವರೇ ನೋಡಿಕೊಳ್ಳಲಿ ಎಂದು ಕೈತೊಳೆದುಕೊಂಡರು.

ಕೊನೆಗೆ ಅಧ್ಯಕ್ಷರು ಫೋನು ಆರಿಸಿ, ದನಿಗೆ ಬೆಣ್ಣೆ ಸವರಿಕೊಂಡು ಬಂದರು.

“ನೋಡಿ ಮೇಡಂ, ನೀವು ನಮ್ಮೋರೇ. ನೀವೇ ಉರುಳಿಸ್ಬಿಡಿ. ನಿಮಗೆ ಇದೆಲ್ಲ ಅಭ್ಯಾಸ ಇರತ್ತೆ. ಪೇಪರ್ರು ಗೀಪರ್ರು ಏನೂ ಬೇಡ. ನೀರು ಹೋದ್ಮೇಲೆ ಪ್ರಾಬ್ಲಮ್ಮೂ ಹೋಯ್ತಲ್ವಾ?”

“ಆ ಅಜ್ಜನ ಕೊಳ?”

“ಅದು ಸಪರೇಟ್ ಇಶ್ಯೂ. ಅದಕ್ಕೆ ಹಿಯರಿಂಗ್ ಇದೆಯಲ್ಲ.”

ಮೈಯೆಲ್ಲ ಉರಿದುಹೋಯಿತು. ಇವರ ಕೊಳೆಗೆ ಕೈ ಹಾಕುವವಳು ನಾನು, ಪಾಪವೇನಾದರೂ ಇದ್ದರೆ ಅದೂ ನನಗೆ. ತೊಟ್ಟಿ ಕಾಗದಕ್ಕೆ ಬರದೆ ಬರಿದಾದರೆ ವಿಚಾರಣೆಯ ಮೇಜಿನ ಮೇಲೆ ಉಳಿಯುವುದು ಕೊಳ ಒಂದೇ. ಬರೆದರೆ ಬಳಗದ ಬಾಗಿಲು ನನಗೂ ನನ್ನ ಮನೆಯವರಿಗೂ ಮುಚ್ಚುತ್ತದೆ. ಯುಗಾದಿಗೆ ಕರೆಯುವವರಿರುವುದಿಲ್ಲ, ಅಂಗಡಿಯಲ್ಲಿ ಎದುರಾದರೆ ಬೇಳೆಯ ಪೊಟ್ಟಣ ಓದುತ್ತ ನಿಲ್ಲುತ್ತಾರೆ. ಅಮೆರಿಕದಲ್ಲಿ ಅದು ಸಣ್ಣ ಶಿಕ್ಷೆಯಲ್ಲ, ನನಗೆ ನಿಜವಾಗಿ ಭಯವಾಯಿತು. ಆದರೂ ಅಜ್ಜ ಮೀನುಗಳ ಬಗ್ಗೆ ಕೇಳಿದ್ದು ತಲೆಯಿಂದ ಹೋಗಲಿಲ್ಲ.

ನೋಟಿಸು ಬರೆದೆ. ‘ನೀರು ನಿಂತ ತೊಟ್ಟಿ, ಸೊಳ್ಳೆಮರಿ ಮತ್ತು ಪ್ಯೂಪಾ ಹೇರಳ. ಮನೆಯ ಒಡೆಯರು ನಾಳೆಯೊಳಗೆ ಇನ್‌ಸ್ಪೆಕ್ಟರ್ ಎದುರಿಗೆ ಬರಿದು ಮಾಡತಕ್ಕದ್ದು.’ ನಿಯಮದ ಪ್ರಕಾರ ಅದನ್ನು ಎದುರುಬಾಗಿಲಿಗೆ ಅಂಟಿಸಬೇಕು. ಬಾಗಿಲಿಗೆ ಹಬ್ಬದ ತೋರಣ ಇನ್ನೂ ಒಣಗಿ ನೇತಾಡುತ್ತಿತ್ತು. ಅದರ ಕೆಳಗೆ ಕಿತ್ತಳೆ ಕಾಗದ ಅಂಟಿಸಿದೆ.

“ಇಮೇಲ್ ಮಾಡಿ ಮೇಡಂ, ಪ್ಲೀಸ್. ಬಾಗಿಲಿಗೆ ಬೇಡ.”

“ಡ್ರೋನ್ ಇದ್ದಿದ್ರೆ ಮೇಲಿಂದ ಅಂಟಿಸ್ತಿದ್ದೆ, ಸರ್” ಎಂದೆ.

ಮರುದಿನ ಬೆಳಿಗ್ಗೆ ಹೋದಾಗ ಅಧ್ಯಕ್ಷರು ತೋಟದ ಮಾಲಿಯನ್ನು ತೊಟ್ಟಿಯ ಮುಂದೆ ನಿಲ್ಲಿಸಿದ್ದರು. ಮೆಕ್ಸಿಕೋದ ಮನುಷ್ಯ. ಟಾರ್ಪಾಲು ಸರಿಸಿದ. ಮೇಲೆ ತೇಲುತ್ತಿದ್ದ ಹೂವು, ಜನಿವಾರದ ಎಳೆಗಳನ್ನು ನೋಡಿದ, ಎದೆಯ ಮೇಲೆ ಶಿಲುಬೆ ಬರೆದುಕೊಂಡು ಹಿಂದೆ ಸರಿದ. ಯಾರದೋ ದೇವರಿಗೆ ತಾನು ಕೈ ಹಾಕುವುದಿಲ್ಲ ಎಂದು ಹೇಳಿ ಹುಲ್ಲು ಕತ್ತರಿಸಲು ಹೋದ. ನೋಟಿಸಿನಲ್ಲಿ ಒಡೆಯರು ಎಂದಿದೆ ಎಂದು ನಾನು ನೆನಪಿಸಿದೆ.

ಅಧ್ಯಕ್ಷರು ಪ್ಯಾಂಟು ಮಡಚಿದರು. ಹೆಂಡತಿ ಮೂಗಿಗೆ ಸೆರಗು ಹಿಡಿದು ಬಕೆಟ್ಟು ತಂದಿಟ್ಟರು. ಕಮಿಟಿಯವರು ಫೋನಿನಲ್ಲಿ ನೋಡುತ್ತಿದ್ದರು, ಯಾರೋ ಮಂತ್ರವನ್ನೂ ಹಾಕಿದ್ದರು. ಅಧ್ಯಕ್ಷರು ಬಕೆಟ್ಟು ಬಕೆಟ್ಟಾಗಿ ಮೊಗೆದು ಗುಲಾಬಿ ಪಾತಿಗೆ ಸುರಿಯತೊಡಗಿದರು. ದುಬಾರಿ ಅಂಗಿಯ ತೋಳಿಗೆ ಕೊಳೆತ ಗರಿಕೆ ಮೆತ್ತಿಕೊಂಡಿತ್ತು. ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ನೀರು ಅರ್ಧ ಇಳಿದಾಗ ಅವರು ಫೋನನ್ನು ಬೇಲಿಯ ಕಡೆ ತಿರುಗಿಸಿದರು. ಇನ್ನಷ್ಟು ಇಳಿದಾಗ ಆರಿಸಿಯೇ ಬಿಟ್ಟರು. ಕೆಸರಿನ ನಡುವಿನಿಂದ ಒಂದು ಚಿನ್ನದ ಬಣ್ಣದ ಕಿರೀಟ ಮೇಲೆ ಬಂತು. ಆಮೇಲೆ ಕಣ್ಣು, ಸೊಂಡಿಲು, ಮೋದಕ ಹಿಡಿದ ಕೈ. ಉಳಿದ ಗಣಪತಿಗಳೆಲ್ಲ ಕರಗಿ ಕೆಸರಾಗಿದ್ದ ತೊಟ್ಟಿಯಲ್ಲಿ ಮೊಣಕೈಯುದ್ದದ ಪ್ಲಾಸ್ಟರ್ ಗಣಪತಿಯೊಂದು ಒಂದು ಬೆರಳೂ ಮುಕ್ಕಾಗದೆ ಕೂತಿತ್ತು.

“ನಿಮ್ದಾ?” ಎಂದೆ.

ಅಧ್ಯಕ್ಷರು ಇಂಗು ತಿಂದ ಮಂಗನಂತೆ ನಿಂತಿದ್ದರು. “ಮೈಸೂರಿಂದ ತರ್ಸಿದ್ದು ದಾರೀಲೇ ಒಡೆದೋಯ್ತು. ಹಿಂದಿನ ದಿನ ಅಂಗಡೀಲಿ ತಗೊಂಡೆ, ಮಣ್ಣಿಂದೇ ಅಂದ್ರು. ಎಲ್ಲರ ಮುಂದೆ ಮೊದಲನೇದಾಗಿ ಬಿಟ್ಟಿದ್ದು ಇದನ್ನೇ. ದಿನಾ ಬೆಳಿಗ್ಗೆ ಬಂದು ನೋಡ್ತಿದ್ದೆ. ಕರಗತ್ತೆ, ಕರಗತ್ತೆ ಅಂತ ಕಾಯ್ತಾ ಇದ್ದೆ.”

ಕೀ ಕಳೆದದ್ದು, ರಿನೋವೇಶನ್ನು, ಮೀಟಿಂಗು, ಕಮಿಟಿ ಎಲ್ಲವೂ ಇದಕ್ಕೆ. ಒಂದು ಬೀದಿಯ ಜನಕ್ಕೆ ಕಾಯಿಲೆ ಹಂಚಿ, ಒಬ್ಬ ಅಜ್ಜನ ಕೊಳಕ್ಕೆ ಮಣ್ಣು ಹಾಕಿಸಲು ಹೊರಟದ್ದು, ತನ್ನ ಗಣಪತಿ ಕರಗಲಿಲ್ಲವೆಂದು ನಾಲ್ಕು ಜನರಿಗೆ ಗೊತ್ತಾಗಬಾರದು ಎಂದು. ಅವರ ಹೆಂಡತಿ ನನಗಿಂತ ಮೊದಲು ಮಾತಾಡಿದರು. “ಇದಕ್ಕಾ ನನ್ನ ಕೈಯೆಲ್ಲ ಕಡಿಸಿದ್ದು?” ಎಂದವರೇ ಬಕೆಟ್ಟು ಕುಕ್ಕಿ ಒಳಗೆ ಹೋದರು.

“ಇದನ್ನ ರಿಪೋರ್ಟಲ್ಲಿ ಬರೀತೀರಾ?” ಎಂದು ಅಧ್ಯಕ್ಷರು ಕೇಳಿದರು.

“ನೀರು ಯಾವುದರಲ್ಲಿತ್ತು ಅನ್ನೋದಷ್ಟೇ ನನಗೆ ಬೇಕು. ನೀರಲ್ಲಿ ಯಾರಿದ್ರು ಅಂತ ಕಾನೂನು ಕೇಳಲ್ಲ” ಎಂದೆ. ಬಳಗದಲ್ಲೂ ನಾನು ಬಾಯಿಬಿಡಲಿಲ್ಲ. ಅದು ದಯೆಯಲ್ಲ. ಆ ಮನುಷ್ಯನ ಗುಟ್ಟನ್ನು ಊರಿಗೆಲ್ಲ ಹೇಳಿಕೊಂಡು ತಿರುಗುವಷ್ಟು ಅವರ ಬಗ್ಗೆ ನನಗೆ ಆಸಕ್ತಿ ಇರಲಿಲ್ಲ.

ಬರಿದಾದ ತೊಟ್ಟಿ ಬೋರಲು ಬಿದ್ದ ಮೇಲೆ ಓಣಿಯ ಬೋನು ಖಾಲಿ ಬರತೊಡಗಿತು. ವಿಚಾರಣೆಯಲ್ಲಿ ನನ್ನ ಸೀಸೆ, ಫೋಟೋ, ನೋಟಿಸಿನ ಪ್ರತಿ ಮೇಜಿನ ಮೇಲಿದ್ದವು. ಕೊಳದ ಮೇಲಿನ ದೂರು ವಜಾ ಆಯಿತು. ಅಧ್ಯಕ್ಷರು ಬರಲಿಲ್ಲ. ಅಜ್ಜ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು, ಏನು ತೀರ್ಮಾನವಾಯಿತೆಂದು ನನ್ನಿಂದ ಮತ್ತೊಮ್ಮೆ ಹೇಳಿಸಿಕೊಂಡು ಹೋದರು. ಆ ಸಲ ಬಳಗದ ದೀಪಾವಳಿಗೆ ನಮಗೆ ಕರೆ ಬರಲಿಲ್ಲ. ನನ್ನ ಗಂಡ, “ಊಟ ಅಷ್ಟೇನೂ ಚೆನ್ನಾಗಿರ್ತಿರ್ಲಿಲ್ಲ ಬಿಡು” ಎಂದರು.

ವಸಂತದಲ್ಲಿ ಹಳೆಯ ದೂರಿನ ಜಾಗಗಳನ್ನು ಮತ್ತೆ ನೋಡಿ ಬರುವುದು ನಮ್ಮ ಕ್ರಮ. ಅಜ್ಜನ ಹಿತ್ತಿಲಿಗೆ ಹೋಗಿ ದಡದಲ್ಲಿ ಡಿಪ್ಪರ್ ಅದ್ದಿದೆ. ಪಾಚಿ, ಮೀನಿನ ಮರಿ. ಎದುರು ದಡದತ್ತ ಸರಿದವಳು ಅಲ್ಲಿಯೇ ನಿಂತೆ. ಹಿಂದೆ ಈಜುಕೊಳಕ್ಕೆ ಇಳಿಯಲು ಇದ್ದ ಮೆಟ್ಟಿಲುಗಳಲ್ಲಿ ಮೇಲಿನದರ ಮೇಲೆ, ಹೊಟ್ಟೆಯವರೆಗೆ ನೀರಿನಲ್ಲಿ ಗಣಪತಿ ಕೂತಿದ್ದ. ಬಣ್ಣವಿಲ್ಲ, ಕಿರೀಟವೂ ಬರೀ ಬಿಳಿ. ಮೀನುಗಳು ಅವನ ತೊಡೆಯ ಸಂದಿಯಲ್ಲಿ ಓಡಾಡುತ್ತಿದ್ದವು.

“ದೂರು ಕೊಟ್ಟಿದ್ದನಲ್ಲ, ನಿಮ್ಮ ದೇಶದವನು, ಅವನೇ ತಂದ” ಎಂದರು ಅಜ್ಜ. “ಕಸಕ್ಕೆ ಹಾಕುವ ಹಾಗಿಲ್ಲವಂತೆ, ತೊರೆಗೆ ಬಿಡುವ ಹಾಗಿಲ್ಲವಂತೆ, ಮನೆಯಲ್ಲಿ ಇಡುವ ಹಾಗೂ ಇಲ್ಲವಂತೆ. ನೀರು ಬೇಕು ಎಂದ. ನನ್ನ ಬಳಿ ನೀರಿದೆಯಲ್ಲ. ಬಣ್ಣ ಮೀನಿಗೆ ಆಗುವುದಿಲ್ಲ, ಉಜ್ಜಿ ತೆಗೆದರೆ ಇಡು ಎಂದೆ. ಮಧ್ಯಾಹ್ನವೆಲ್ಲ ಆ ಕಟ್ಟೆಯ ಮೇಲೆ ಕೂತು ಉಜ್ಜಿದ.”

“ಕ್ಷಮೆ ಕೇಳಿದರಾ?”

“ಇಲ್ಲ. ಈ ಕೊಳವನ್ನು ಯಾವತ್ತೂ ಮುಚ್ಚುವುದಿಲ್ಲ ತಾನೇ ಎಂದು ಕೇಳಿದ.”

ಡಿಪ್ಪರನ್ನು ಗಣಪತಿಯ ಬೆನ್ನ ಹಿಂದಿನ ನೆರಳಿನಲ್ಲಿ ಅದ್ದಿ ಎತ್ತಿದೆ. ಸೊಳ್ಳೆಮರಿ ಇರಲಿಲ್ಲ. ಹಾಗೆಂದು ಬರೆದುಕೊಂಡೆ.